ಆರ್ಟಿಕಲ್ ಯಾವಾಗ ಬಿಡಬಹುದು?
ಇಂಗ್ಲಿಷಿನಲ್ಲಿ ಲಿಂಕಿಂಗ್ ವರ್ಬ್ (‘ವಾಸ್’, ‘ಬಿಕೇಮ್’ ತರಹದ, ಕರ್ತೃವನ್ನು ಮುಂದಿನ ನಾಮಪದಕ್ಕೆ ಜೋಡಿಸುವ ಕ್ರಿಯಾಪದ) ಆದಮೇಲೆ ಬರುವ ಏಕವಚನ ನಾಮಪದಕ್ಕೆ ಆರ್ಟಿಕಲ್ (‘ಎ’, ‘ಆ್ಯನ್’, ‘ದ’) ಬೇಕೇ ಬೇಕು ಎಂದು ಲೇಖನವೊಂದು ಹೇಳಿದೆ. ಆ ಮಾತು ಪೂರ್ತಿ ಸರಿಯಲ್ಲ. ‘ಗಾಂಧಿ ವಾಸ್ ಪ್ರೆಸಿಡೆಂಟ್ ಆಫ್ ದ 1924 ಬೆಳಗಾವಿ ಸೆಷನ್’ ಶುದ್ಧ ಇಂಗ್ಲಿಷ್. ಆ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರು ಒಬ್ಬರೇ. ಒಬ್ಬರಷ್ಟೇ ಕೂರುವ ಹುದ್ದೆ ಇದ್ದಾಗ ಆರ್ಟಿಕಲ್ ಬಿಡಬಹುದು, ‘ದ’ ಹಾಕಿದರೂ ತಪ್ಪಿಲ್ಲ. ಬಾಗಲಕೋಟೆ ಕಡೆಯ ಬಿ.ಡಿ. ಜತ್ತಿ ‘ಬಿಕೇಮ್ ವೈಸ್ ಪ್ರೆಸಿಡೆಂಟ್ ಇನ್ 1974’ ಅನ್ನುವುದೂ ಹಾಗೆಯೇ.

ಆದರೆ ‘ಗಾಂಧಿ ವಾಸ್ ಲಾಯರ್’ ನಡೆಯೋದಿಲ್ಲ. ವಕೀಲರು ಸಾವಿರಾರು ಜನ, ಅಲ್ಲಿ ‘ಎ ಲಾಯರ್’ ಆಗಬೇಕು. ನಮ್ಮ ಬೆಳಗಾವಿ ಮಕ್ಕಳು ಎಡವೋದು ಇಲ್ಲೇ: ಕನ್ನಡದಲ್ಲಿ ‘ಅವರು ವಕೀಲರು’ ಅಂದರೆ ಮುಗೀತು, ಮರಾಠಿಯಲ್ಲೂ ಆರ್ಟಿಕಲ್ ಇಲ್ಲ. ಇನ್ನು ‘ಟರ್ನ್’ ಕ್ರಿಯಾಪದದ ದಾರಿಯೇ ಬೇರೆ. ‘ಹಿ ಟರ್ನ್ಡ್ ಟ್ರೇಟರ್’ ಸರಿ, ನಡುವೆ ‘ಎ’ ಸೇರಿಸಬಾರದು. ‘ಬಿಕೇಮ್’ ಬಳಸಿದರೆ ಮಾತ್ರ ‘ಎ ಟ್ರೇಟರ್’.