ತಿರುವಿನಲ್ಲಿ ಬಸ್ಸಿಗೆ ಜಾಗ ಬಿಡಿ

ಚಾರ್ಮಾಡಿ ಘಾಟಿಯ ಎಡ ತಿರುವಿನಲ್ಲಿ ಬಸ್ಸು ಏರು ಹತ್ತುವಾಗ ಅದರ ಒಳಬದಿಗೆ ಬೈಕ್ ನುಗ್ಗಿಸುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಉದ್ದ ಗಾಡಿಯ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲೇ ಬರುವುದಿಲ್ಲ, ಒಳಕ್ಕೆ ಸರಿದು ಬರುತ್ತದೆ. ಅದಕ್ಕೇ ಚಾಲಕ ಮೊದಲು ಬಲಕ್ಕೆ, ಎದುರಿನವರ ಪಾಲಿನ ರಸ್ತೆಗೂ, ಎಳೆದು ತಿರುಗಿಸುವುದು. ನಿಮಗೆ ಜಾಗ ಬಿಟ್ಟದ್ದಲ್ಲ ಅದು! ಆ ಸಂದಿಯಲ್ಲಿ ನೀವಿರುವುದು ಎಷ್ಟೋ ಸಲ ಅವನ ಕನ್ನಡಿಗೆ ಕಾಣುವುದೇ ಇಲ್ಲ.

ಇನ್ನು ಇಳಿಯುವ ಕಾರಿನವರು. ಕಡಿದಾದ ದಾರಿಯಲ್ಲಿ ಏರುವ ವಾಹನಕ್ಕೆ ಇಳಿಯುವವರು ದಾರಿ ಕೊಡಬೇಕೆಂದು 2017ರ ಚಾಲನಾ ನಿಯಮದಲ್ಲೇ ಇದೆ. ಇವರು ಮೂಗಿಗೆ ಮೂಗು ತಂದು ನಿಲ್ಲಿಸಿ ಹಾರ್ನ್ ಒತ್ತುತ್ತಾರೆ. ತುಂಬಿದ ಬಸ್ಸು ಮಳೆ, ಮಂಜಿನಲ್ಲಿ ಹಿಂದಕ್ಕೆ ಹೋಗುವುದಾದರೂ ಹೇಗೆ? ತಿರುವಿಗೆ ಮುಂಚೆಯೇ ನಿಂತು ಕಾಯಿರಿ, ಬಸ್ಸು ದಾಟಿಕೊಳ್ಳಲಿ. ಅಷ್ಟಕ್ಕೂ ಪುರುಸೊತ್ತಿಲ್ಲವೇ?