ಸ್ಪಷ್ಟನೆ: ಸ್ಪ್ಯಾನಿಷ್ ಅಡ್ಡಹೆಸರು ಇದ್ದ ಮಾತ್ರಕ್ಕೆ ಸ್ಪೇನಿನ ವಂಶವಲ್ಲ

ಫಿಲಿಪೀನ್ಸ್‌ನಲ್ಲಿ ಸಾಂತೋಸ್, ಕ್ರೂಸ್ ಅಂತ ಅಡ್ಡಹೆಸರು ಇರುವವರೆಲ್ಲ ಸ್ಪೇನಿನವರ ವಂಶದವರು ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಅಂಥ ಕೆಲವು ಕುಟುಂಬಗಳಿವೆ, ನಿಜ. ಆದರೆ ಸುಮ್ನೆ ಹೆಸರು ನೋಡಿ ಹಾಗೆ ಹೇಳಲು ಬರುವುದಿಲ್ಲ. ಸಾಂತೋಸ್ ಅಂದರೆ ಸಂತರು, ಕ್ರೂಸ್ ಅಂದರೆ ಶಿಲುಬೆ; ಕ್ರೈಸ್ತರಾದ ಸ್ಥಳೀಯರು ಇಂಥ ಹೆಸರುಗಳನ್ನು ಭಕ್ತಿಯಿಂದ ಮೊದಲೇ ಇಟ್ಟುಕೊಂಡಿದ್ದರು.

ಆಗ ಫಿಲಿಪೀನ್ಸ್ ಸ್ಪೇನಿನ ಆಳ್ವಿಕೆಯಲ್ಲಿತ್ತು. 1849ರಲ್ಲಿ ಅಲ್ಲಿನ ಸ್ಪ್ಯಾನಿಷ್ ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೆರಿಯಾ, ಎಲ್ಲ ಮನೆತನಗಳಿಗೂ ಕಾಯಂ ಅಡ್ಡಹೆಸರು ಇರಬೇಕೆಂದು ಆದೇಶ ಹೊರಡಿಸಿದ. ತೆರಿಗೆ ವಸೂಲಿಗೆ, ಜನರ ಲೆಕ್ಕ ಇಡುವುದಕ್ಕೆ ಅದು ಬೇಕಿತ್ತು. ಅಕ್ಷರಾನುಕ್ರಮದಲ್ಲಿ ಹೆಸರುಗಳ ಪುಸ್ತಕವನ್ನೇ ಅಚ್ಚು ಹಾಕಿಸಿ, ಅದರ ಹಾಳೆಗಳನ್ನು ಊರೂರಿಗೆ ಹಂಚಿದರು; ತಮ್ಮ ಊರಿಗೆ ಬಂದ ಹಾಳೆಯಲ್ಲಿದ್ದ ಹೆಸರುಗಳಿಂದಲೇ ಜನ ಅಡ್ಡಹೆಸರು ಪಡೆದರು. ಸ್ಥಳೀಯ ಭಾಷೆಗಳ ಪದಗಳೂ ಅದರಲ್ಲಿದ್ದವು. ಆಲ್ಬಾಯ್ ಪ್ರಾಂತ್ಯದ ಓವಾಸ್ ಊರಿನಲ್ಲಿ ಇವತ್ತಿಗೂ ಜಾಸ್ತಿ ಅಡ್ಡಹೆಸರುಗಳು ‘ಆರ್’ ಅಕ್ಷರದಿಂದಲೇ ಶುರುವಾಗುತ್ತವೆ. ವಂಶದಿಂದ ಬಂದ ಹೆಸರಾಗಿದ್ದರೆ ಹೀಗಾಗುತ್ತಿರಲಿಲ್ಲ, ಅಲ್ವಾ?