ಕೊಡಲ್ಲ ಅನ್ನೋಕೆ ಮನೇಲಿ ಅಕ್ಕಿ ಇರಬೇಕು

ಹೋದ ಜನವರಿಯಲ್ಲಿ ಹತ್ತು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮೂರು ಕೊಡಗಿನ ಮಾದಾಪುರದ ಹತ್ತಿರ, ಸೋಮವಾರಪೇಟೆಯಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ. ಕಾಫಿ ಕುಯ್ಲು ನಡೀತಿತ್ತು. ಸಂಜೆ ಕಣದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿದ ಮೇಲೆ ಅಕ್ಕನ ಮಗ ನನ್ನ ಪಕ್ಕ ಬಂದು ಕೂತ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಈಚೆಗೆ ಅಮೆರಿಕದ ಕಾದಂಬರಿಗಾರ್ತಿ ಐನ್ ರ‍್ಯಾಂಡ್ ಓದಿದ್ದಾನೆ. ಬರೀ ಓದಿಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದಾನೆ.

"ಮಾಮ, ಯಾರೂ ಯಾರಿಗೋಸ್ಕರ ಬದುಕಬೇಕಾಗಿಲ್ಲ. ನನ್ನ ಬುದ್ಧಿ, ನನ್ನ ದುಡಿಮೆ, ನನ್ನ ಬದುಕು. ಇಬ್ಬರು ಒಪ್ಪಿ ಕೊಟ್ಟು ತಗೊಂಡರೆ ಅದೇ ನ್ಯಾಯ. ನಡುವೆ ಸರ್ಕಾರ ಯಾಕೆ ಬರಬೇಕು?" ಅಂದ.

ಆ ರಾತ್ರಿ ಶುರುವಾದ ವಾದ ನಾನು ವಿಮಾನ ಹತ್ತುವ ತನಕ ಮುಗಿಯಲಿಲ್ಲ. ಸಿಂಗಾಪುರಕ್ಕೆ ವಾಪಸ್ ಬಂದ ಮೇಲೂ ತಲೆಯಲ್ಲಿ ಅದೇ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಐನ್ ರ‍್ಯಾಂಡ್ ಹುಟ್ಟಿದ್ದು 1905ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಅಪ್ಪನದು ಔಷಧಿ ಅಂಗಡಿ. 1917ರ ಕ್ರಾಂತಿ ಆದಮೇಲೆ ಆ ಅಂಗಡಿಯನ್ನು ಸರ್ಕಾರ ಕಿತ್ತುಕೊಂಡಿತು. ಆಗ ಆಕೆ ಇನ್ನೂ ಹುಡುಗಿ. 1926ರಲ್ಲಿ ಅಮೆರಿಕಕ್ಕೆ ಹೋದರು, ಅಲ್ಲೇ ಕಾದಂಬರಿಗಳನ್ನು ಬರೆದು ಹೆಸರಾದರು. ಲೋಕ ಇದ್ದ ಹಾಗೆ ಇದೆ, ಅದನ್ನು ತಿಳಿಯಲು ನಮಗಿರುವುದು ಬುದ್ಧಿಯೊಂದೇ, ಪ್ರತಿಯೊಬ್ಬನಿಗೂ ಅವನ ಬದುಕೇ ಗುರಿ, ಹಾಗೆ ಬದುಕಲು ಮುಕ್ತ ಮಾರುಕಟ್ಟೆ ಬೇಕು. ಅವರ ವಿಚಾರ ಸ್ಥೂಲವಾಗಿ ಇಷ್ಟು. ಸ್ವಾರ್ಥ ಅನ್ನುವುದು ಬೈಗುಳ ಅಲ್ಲ ಅಂತ ಧೈರ್ಯವಾಗಿ ಹೇಳಿದವರು ಅವರು. ಕಣ್ಣೆದುರೇ ಅಪ್ಪನ ಅಂಗಡಿಗೆ ಬೀಗ ಬಿದ್ದದ್ದನ್ನು ಕಂಡ ಮಗಳು ಬೇರೆ ಥರ ಬರೆಯುವುದು ಕಷ್ಟವಿತ್ತು ಅಂತ ನನಗನಿಸುತ್ತದೆ.

ಈ ನೋವು ನನಗೆ ಅರ್ಥವಾಗುತ್ತದೆ. ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಪದೇಪದೇ ಕೇಳುತ್ತಿದ್ದ ಮಾತು 'ಪೂಲ್'. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆದ ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಮನೆ ಖರ್ಚಿಗೆ, ಬೀಜಕ್ಕೆ ಸ್ವಲ್ಪ ಇಟ್ಟುಕೊಳ್ಳಬಹುದಿತ್ತು, ಅಷ್ಟೇ. ಎಲ್ಲರ ಕಾಫಿ ಸೇರಿಸಿ ಮಾರಿ, ದುಡ್ಡನ್ನು ಕಂತು ಕಂತಾಗಿ ಕೊಡುವ ಪದ್ಧತಿ. ಕೊನೆಯ ಕಂತು ಕೈಗೆ ಬರುವ ಹೊತ್ತಿಗೆ ಗಿಡದಲ್ಲಿ ಮುಂದಿನ ಬೆಳೆ ಬಂದಿರುತ್ತಿತ್ತು. ಪೂಲ್ ಹುಟ್ಟಿದ್ದಕ್ಕೆ ಒಳ್ಳೆಯ ಕಾರಣವೇ ಇತ್ತು. ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಗಿ ನಮ್ಮ ಕಾಫಿಯನ್ನು ಕೇಳುವವರೇ ಇರಲಿಲ್ಲ. ಆಗ ಅದು ಆಸರೆಯಾಗಿ ಬಂತು. ಯುದ್ಧ ಮುಗಿದರೂ ಹೋಗಲಿಲ್ಲ. ಐವತ್ತು ವರ್ಷ ಉಳಿಯಿತು.

ಅಪ್ಪನಿಗೆ ಬೇಜಾರಿದ್ದದ್ದು ರೇಟಿನ ಬಗ್ಗೆ ಮಾತ್ರ ಅಲ್ಲ. "ಬೆಳೆದವನು ನಾನು, ಕೊಡ್ತೀಯಾ ಅಂತ ನನ್ನನ್ನ ಯಾರೂ ಕೇಳಲ್ಲ," ಅನ್ನುತ್ತಿದ್ದರು. ಆ ಮಾತು ನನ್ನ ಮನಸ್ಸಿನಲ್ಲಿ ಹಾಗೇ ಉಳಿದಿದೆ.

ಯಾವ ದೇಶ ಎಷ್ಟು ಕಾಫಿ ಹೊರಗೆ ಮಾರಬಹುದು ಅಂತ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿದ್ದ ಕೋಟಾ 1989ರಲ್ಲಿ ಮುರಿದುಬಿತ್ತು. 1991ರಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1992ರಿಂದ ಬೆಳೆಯ ಒಂದೊಂದು ಪಾಲು ಬೆಳೆಗಾರನ ಕೈಗೆ ಬರತೊಡಗಿತು. 1996ಕ್ಕೆ ಪೂರ್ತಿ ಬಿಡುಗಡೆ.

1994ರ ಮಾರ್ಚ್. ನನಗಾಗ ಹದಿಮೂರು ವರ್ಷ. ವ್ಯಾಪಾರಿ ಜೀಪಿನಲ್ಲಿ ಬಂದು ಕಣದ ಅಂಚಿನಲ್ಲಿ ನಿಂತು ಚೀಲಕ್ಕೆ ಇಷ್ಟು ಅಂತ ರೇಟು ಹೇಳಿದ. ಅಪ್ಪ ಒಂದು ಹಿಡಿ ಒಣಗಿದ ಕಾಫಿ ತೆಗೆದು ಕಿವಿಯ ಹತ್ತಿರ ಕುಲುಕಿದರು. ಒಳಗೆ ಬೀಜ ಗಲಗಲ ಅಂದಿತು. ಕಾಫಿಯನ್ನು ವಾಪಸ್ ಕಣಕ್ಕೆ ಸುರಿದು, "ಕೊಡಲ್ಲ," ಅಂದರು. ಜೀಪು ಹೋಯಿತು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಕಣದ ಸುತ್ತ ಎರಡು ಸಲ ನಡೆದರು. ಅವರು ಅಷ್ಟು ನೆಟ್ಟಗೆ ನಡೆದದ್ದನ್ನು ನಾನು ಮೊದಲು ನೋಡಿರಲಿಲ್ಲ. ಆ ವರ್ಷ ಜೂನ್, ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋದವು, ಇಲ್ಲಿ ರೇಟು ಏರಿತು. ಹಂಚು ಸೋರುತ್ತಿದ್ದ ನಮ್ಮ ಮನೆಗೆ ಹೊಸ ಮಾಡು ಬಂತು.

ಹಾಗಾಗಿ ಮುಕ್ತ ಮಾರುಕಟ್ಟೆ ಅಂದರೆ ಬರೀ ಶ್ರೀಮಂತರ ಆಟ ಅನ್ನುವವರ ಜೊತೆ ನಾನು ಸೇರುವುದಿಲ್ಲ. ಒಬ್ಬ ಸಣ್ಣ ಬೆಳೆಗಾರನಿಗೆ ಅದು ಕೊಟ್ಟ ಮರ್ಯಾದೆಯನ್ನು ಕಣ್ಣಾರೆ ಕಂಡಿದ್ದೇನೆ.

ವ್ಯಕ್ತಿ ಸ್ವಾತಂತ್ರ್ಯದ ಮಾತೂ ಅಷ್ಟೇ. ಅಕ್ಕನಿಗೆ ಇಪ್ಪತ್ತಾರು ಇದ್ದಾಗ ದೊಡ್ಡಪ್ಪ ಒಂದು ಸಂಬಂಧ ತಂದರು. ಹಿರಿಯರೆಲ್ಲ ಒಪ್ಪಿಯಾಗಿತ್ತು. ಅಕ್ಕ ಎಲ್ಲರ ಮುಂದೆ, "ನಂಗೆ ಬೇಡ ದೊಡ್ಡಪ್ಪ. ಕಾರಣ ಹೇಳ್ತೀನಿ, ಕೇಳಿ," ಅಂದಳು. ಹಿರಿಯರ ಮಾತಿಗೆ ಕಾರಣ ಕೇಳುವುದೇ ತಪ್ಪಾಗಿದ್ದ ಮನೆಯಲ್ಲಿ ಅವಳು ಕಾರಣ ಮುಂದಿಟ್ಟು ಮಾತಾಡಿದಳು. ಅವಳ ಮಗ ಪುಸ್ತಕದಲ್ಲಿ ಹುಡುಕುತ್ತಿರುವ ಧೈರ್ಯ ಅಡುಗೆಮನೆಯಲ್ಲೇ ಇದೆ ಅಂತ ಅವನಿಗೆ ಹೇಳಿದೆ. ಆದರೆ ಇನ್ನೊಂದನ್ನೂ ಹೇಳಿದೆ. ಆಗ ಅಕ್ಕ ಶಾಲೆಯಲ್ಲಿ ಟೀಚರ್ ಆಗಿದ್ದಳು, ಕೈಯಲ್ಲಿ ಸಂಬಳ ಇತ್ತು. ಅವಳಷ್ಟೇ ಬುದ್ಧಿವಂತೆಯಾದ, ಸಂಬಳ ಇಲ್ಲದ ನಮ್ಮ ಚಿಕ್ಕಮ್ಮನಿಗೆ ಅದೇ ಮನೆಯಲ್ಲಿ ಬೇಡ ಅನ್ನಲು ಆಗಿರಲಿಲ್ಲ.

ಅಪ್ಪನ 'ಕೊಡಲ್ಲ' ಕೂಡ ಹಾಗೇ. ಅವತ್ತು ಅವರಿಗೆ ಬ್ರೆಜಿಲ್ ಹಿಮ ಗೊತ್ತಿರಲಿಲ್ಲ. ಹಿಮ ಬಿದ್ದದ್ದೇ ಮೂರು ತಿಂಗಳ ಮೇಲೆ. ಗೊತ್ತಿದ್ದದ್ದು ಒಂದೇ: ಅಟ್ಟದ ಮೇಲೆ ಸ್ವಂತ ಗದ್ದೆಯ ಅಕ್ಕಿ ಇದೆ, ಮಳೆಗಾಲ ಕಳೆಯುತ್ತದೆ.

ಈಗ 2002ಕ್ಕೆ ಬನ್ನಿ. ಅದೇ ಕಣ, ಅದೇ ಅಪ್ಪ, ಮಾರುಕಟ್ಟೆ ಮೊದಲಿಗಿಂತ ಜಾಸ್ತಿ ಮುಕ್ತ. ವಿಯೆಟ್ನಾಂ ಹತ್ತು ಹದಿನೈದು ವರ್ಷದಲ್ಲಿ ರೋಬಸ್ಟಾ ಜಾತಿಯ ಕಾಫಿ ಬೆಳೆದು ಬೆಳೆದು ಬ್ರೆಜಿಲ್ ಬಿಟ್ಟರೆ ತಾನೇ ಅನ್ನುವಷ್ಟು ದೊಡ್ಡದಾಗಿತ್ತು. ಲೋಕದ ತುಂಬ ಕಾಫಿ, ರೇಟು ನೆಲಕ್ಕೆ. ನಮ್ಮ ಗದ್ದೆಯನ್ನು ಆ ಹೊತ್ತಿಗೆ ಶುಂಠಿಗೆ ಗುತ್ತಿಗೆ ಕೊಟ್ಟಾಗಿತ್ತು. ಅಕ್ಕಿ ಅಂಗಡಿಯಿಂದ ಬರುತ್ತಿತ್ತು. ಮಾರ್ಚ್ ಕೊನೆಗೆ ಸಾಲದ ಕಂತು. ವ್ಯಾಪಾರಿ ಬಂದು ರೇಟು ಹೇಳಿದ. ಗೊಬ್ಬರದ ಖರ್ಚು, ಕುಯ್ಲಿನ ಕೂಲಿ ಕೂಡ ಹುಟ್ಟದ ರೇಟು. ಅಪ್ಪ ಕಾಫಿ ಕುಲುಕಿ ನೋಡಲೇ ಇಲ್ಲ. "ತಗೊಂಡ್ಹೋಗಿ," ಅಂದರು. ನಡುವೆ ಯಾವ ಸರ್ಕಾರವೂ ಬಂದಿರಲಿಲ್ಲ. ಯಾರೂ ಬೆದರಿಸಿರಲಿಲ್ಲ. ಇಬ್ಬರೂ ಒಪ್ಪಿದರು.

"ಅಜ್ಜನ ಲೆಕ್ಕ ತಪ್ಪಿತು ಮಾಮ. ಗದ್ದೆ ಶುಂಠಿಗೆ ಯಾಕೆ ಕೊಟ್ರು?" ಅಂತ ಅಳಿಯ ಕೇಳಿದ. ಸರಿಯಾದ ಪ್ರಶ್ನೆ. ಲೆಕ್ಕ ತಪ್ಪಿದ್ದು ನಿಜ. ಆದರೆ ವಿಯೆಟ್ನಾಂನಲ್ಲಿ ಎಷ್ಟು ಗಿಡ ನೆಟ್ಟಿದ್ದಾರೆ ಅಂತ ಮಾದಾಪುರದ ಗುಡ್ಡದಲ್ಲಿ ಕೂತ ಯಾವ ಬುದ್ಧಿಗೂ ಆಗ ಕಾಣುತ್ತಿರಲಿಲ್ಲ. ಈಗ ಅವನ ಫೋನಿನಲ್ಲಿ ಲಂಡನ್ ಮಾರುಕಟ್ಟೆಯ ರೋಬಸ್ಟಾ ರೇಟು ನಿಮಿಷಕ್ಕೊಮ್ಮೆ ಬದಲಾಗುವುದು ಕಾಣುತ್ತದೆ. ಅಪ್ಪನಿಗೆ ಇದ್ದದ್ದು ವ್ಯಾಪಾರಿಯ ಬಾಯಿಮಾತು.

ಇಲ್ಲಿ ಸಿಂಗಾಪುರದ ಮಾತು ಬರಬೇಕು. ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ. ಮುಕ್ತ ಮಾರುಕಟ್ಟೆಗೆ ಉದಾಹರಣೆ ಕೊಡಿ ಅಂದರೆ ಎಲ್ಲರೂ ಮೊದಲು ಹೇಳುವ ಹೆಸರೇ ಇದು. ಅಳಿಯನೂ ಅದನ್ನೇ ಹೇಳಿದ. ತೆರಿಗೆ ಕಡಿಮೆ, ಕಂಪನಿ ತೆಗೆಯುವುದು ಸುಲಭ, ಬಂದರಿಗೆ ಲೋಕದ ಹಡಗೆಲ್ಲ ಬರುತ್ತದೆ. ಎಲ್ಲ ನಿಜ. ಆದರೆ ಇಲ್ಲಿನ ನೆಲದಲ್ಲಿ ಹತ್ತಿರ ಹತ್ತಿರ ನೂರಕ್ಕೆ 90 ಪಾಲು ಸರ್ಕಾರದ್ದು. ಇಲ್ಲಿ ನೆಲೆಸಿದ ಹತ್ತು ಜನರಲ್ಲಿ ಎಂಟು ಜನ, ಹೆಚ್ಚು ಕಡಿಮೆ, ಸರ್ಕಾರದ ವಸತಿ ಮಂಡಳಿ ಕಟ್ಟಿದ ಫ್ಲ್ಯಾಟುಗಳಲ್ಲಿದ್ದಾರೆ. ನನ್ನದೂ ಅಂಥದ್ದೇ. 99 ವರ್ಷದ ಲೀಸ್. ಮಾರಬೇಕಾದರೂ ಯಾರಿಗೆ ಬೇಕಾದರೆ ಅವರಿಗೆ ಮಾರುವ ಹಾಗಿಲ್ಲ. ಒಂದು ಬ್ಲಾಕಿನಲ್ಲಿ ಚೀನೀಯರು, ಮಲಯರು, ಭಾರತೀಯರು ಹೆಚ್ಚೆಂದರೆ ಎಷ್ಟೆಷ್ಟು ಪಾಲು ಇರಬಹುದು ಅಂತ 1989ರಿಂದ ನಿಯಮ ಇದೆ. ನನ್ನ ಸಂಬಳದಲ್ಲಿ ನೂರಕ್ಕೆ 20 ಕಡ್ಡಾಯ ಉಳಿತಾಯಕ್ಕೆ ಹೋಗುತ್ತದೆ. ಅದರ ಮೇಲೆ ಕಂಪನಿ 17 ಹಾಕುತ್ತದೆ.

ಮೊದಮೊದಲು ಇದು ನನಗೆ ಸಿಟ್ಟು ತರಿಸುತ್ತಿತ್ತು. ನನ್ನ ದುಡ್ಡು ನಾನು ನೋಡ್ಕೋತೀನಿ, ಇವರಿಗೇನು ಅಂತ. ಆಮೇಲೆ ಒಂದು ವರ್ಷ, ನಾನಿದ್ದ ಕಂಪನಿಯಲ್ಲಿ ನನಗೆ ಸರಿ ಕಾಣದ ಒಂದು ಲೆಕ್ಕಕ್ಕೆ ಸಹಿ ಹಾಕಲು ಹೇಳಿದರು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮನೆಯ ಕಂತು ಆ ಕಡ್ಡಾಯ ಉಳಿತಾಯದಿಂದಲೇ ಕಟ್ಟುತ್ತಿದ್ದೆ. ಕೆಲಸ ಹೋದರೂ ಒಂದು ವರ್ಷ ಮನೆಗೆ ತೊಂದರೆ ಇಲ್ಲ ಅಂತ ಹೆಂಡತಿ ಲೆಕ್ಕ ಹಾಕಿ ತೋರಿಸಿದಳು. ಮೂರನೇ ದಿನ ಹೋಗಿ "ಸಹಿ ಹಾಕಲ್ಲ" ಅಂದೆ. ಅಪ್ಪನ ಅಟ್ಟದ ಅಕ್ಕಿ ನೆನಪಾಯಿತು. ನನ್ನ ಮನಸ್ಸಾಕ್ಷಿ ನನ್ನದೇ, ಅದರಲ್ಲಿ ಅನುಮಾನವಿಲ್ಲ. ಅದು ಬಾಯಿ ಬಿಡಲು ನೆಲ ಕೊಟ್ಟದ್ದು ನಾನು ಬೈಯುತ್ತಿದ್ದ ಆ ನಿಯಮ.

ಇದೇ ಊರಿನಲ್ಲಿ ಆ ನೆಲ ಇಲ್ಲದವರೂ ಇದ್ದಾರೆ. ತಮಿಳುನಾಡಿನಿಂದ, ಬಾಂಗ್ಲಾದೇಶದಿಂದ ಕಟ್ಟಡ ಕೆಲಸಕ್ಕೆ ಬಂದವರು. ಬೆಳಿಗ್ಗೆ ನಾನು ಕೋಪಿ ಕುಡಿಯುವ ಅಂಗಡಿಯ ಮುಂದೆ ಲಾರಿಯ ಹಿಂದೆ ಕೂತು ಹೋಗುತ್ತಾರೆ. (ಕೋಪಿ ಅಂದರೆ ಇಲ್ಲಿನ ಕಾಫಿ. ಅದೂ ರೋಬಸ್ಟಾನೇ, ಸಕ್ಕರೆ ಮಾರ್ಗರಿನ್ ಹಾಕಿ ಕಪ್ಪಗೆ ಹುರಿದದ್ದು. ಮೊದಲ ಗುಟುಕಿಗೇ ಊರು ನೆನಪಾಗುತ್ತದೆ.) ಅವರ ಪರ್ಮಿಟ್ ಕೆಲಸ ಕೊಟ್ಟವನಿಗೆ ಕಟ್ಟಿಕೊಂಡಿರುತ್ತದೆ. ಎಷ್ಟೋ ಜನ ಬರುವಾಗಲೇ ಏಜೆಂಟನಿಗೆ ಸಾಲ ಮಾಡಿ ದುಡ್ಡು ಕೊಟ್ಟಿರುತ್ತಾರೆ. 2020ರಲ್ಲಿ ಇಲ್ಲಿ ಕೋವಿಡ್ ಬಂದವರಲ್ಲಿ ಬಹುಪಾಲು ಅವರ ಡಾರ್ಮಿಟರಿಗಳಲ್ಲಿದ್ದವರೇ. ಕಾಗದದ ಮೇಲೆ ಅವರೂ ಒಪ್ಪಿಯೇ ಬಂದವರು.

ಅವರನ್ನು ನೋಡಿದಾಗೆಲ್ಲ ನನಗೆ ನಮ್ಮ ಲೈನ್ ಮನೆ, ಅಂದರೆ ತೋಟದ ಕೆಲಸದವರಿಗೆ ಸಾಲಾಗಿ ಕಟ್ಟಿದ ಮನೆ, ಕಾಣುತ್ತದೆ. ನಮ್ಮ ತೋಟದ ಕೆಳಗೆ ಎರಡು ಸಂಸಾರ ಇದೆ. ಮನೆ ನಮ್ಮದು, ಕೆಲಸ ನಮ್ಮದು, ಮದುವೆಗೆ, ಆಸ್ಪತ್ರೆಗೆ ಕೊಟ್ಟ ಮುಂಗಡ ನಮ್ಮ ಪುಸ್ತಕದಲ್ಲಿ ಬರೆದಿದೆ. ಕೂಲಿ ಸಾಲದು ಅಂತ ಅವರು ಹೇಳಬೇಕಾದರೆ ಕೆಲಸದ ಜೊತೆ ಮಲಗುವ ಜಾಗವನ್ನೂ ಬಿಡಲು ತಯಾರಿರಬೇಕು. ನಾವು ಒಳ್ಳೆಯವರು ಅಂತ ಅಮ್ಮ ಹೇಳುತ್ತಿದ್ದರು, ನಿಜವಾಗಿಯೂ ಒಳ್ಳೆಯವರಾಗಿಯೇ ನಡೆದುಕೊಂಡರು. ಆದರೆ ಅವರ ಬದುಕು ನಮ್ಮ ಒಳ್ಳೆಯತನದ ಮೇಲೆ ನಿಂತಿರುವುದೇ ಸರಿಯಲ್ಲ. ರ‍್ಯಾಂಡ್ ಕೂಡ ಇನ್ನೊಬ್ಬರ ದಯೆಯ ಮೇಲೆ ಬದುಕುವುದನ್ನು ಒಪ್ಪುತ್ತಿರಲಿಲ್ಲ ಅಲ್ವಾ ಅಂತ ಅಳಿಯನನ್ನು ಕೇಳಿದೆ. ಅವನು ಸುಮ್ಮನಾದ.

2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತುಹಾಕಿದಾಗ ಕೊಡಗಿನಲ್ಲಿ ದೊಡ್ಡ ಗಲಾಟೆಯಾಯಿತು. ಅಲ್ಲಿ ಗುಡಿಸಲು ಹಾಕಿದ್ದವರಲ್ಲಿ ಅನೇಕರು ತೋಟಗಳ ಲೈನ್ ಮನೆ ಬಿಟ್ಟು ಬಂದವರು. ಅವರು ಕೇಳಿದ್ದು ಒಂದು ತುಂಡು ಸ್ವಂತ ನೆಲ. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಜಾಗ ಕೊಟ್ಟರು. ಸ್ವಂತ ಆಸ್ತಿ ಮನುಷ್ಯನನ್ನು ಸ್ವತಂತ್ರ ಮಾಡುತ್ತದೆ ಅನ್ನುವ ಮಾತನ್ನು ಅವರಿಗಿಂತ ಜಾಸ್ತಿ ನಂಬಿದವರು ಯಾರಿದ್ದಾರೆ?

ನಮ್ಮ ಕಡೆ ಮುಯ್ಯಾಳು ಪದ್ಧತಿ ಇತ್ತು. ನಿಮ್ಮ ಗದ್ದೆ ನಾಟಿಗೆ ನಾವು, ನಮ್ಮ ನಾಟಿಗೆ ನೀವು. ದುಡ್ಡಿಲ್ಲ, ಯಜಮಾನನಿಲ್ಲ, ಸಮಕ್ಕೆ ಸಮ. ಅಳಿಯನಿಗೆ ಇದು ತುಂಬ ಇಷ್ಟವಾಯಿತು. "ಇದೇ ಮಾಮ ನಾನು ಹೇಳ್ತಿರೋದು!" ಅಂದ. ನನಗೂ ಇಷ್ಟ. ಆದರೆ ಮುಯ್ಯಿ ನಡೆದದ್ದು ಗದ್ದೆ ಇದ್ದವರ ನಡುವೆ. ಗದ್ದೆ ಇಲ್ಲದವನ ನಾಟಿಗೆ ಹೋಗಲು ನಾಟಿಯೇ ಇರಲಿಲ್ಲ. ಅವನು ಬರೀ ಆಳಾಗಿ ಉಳಿದ.

ಇನ್ನೊಂದು ರಾತ್ರಿ 2018ರ ಆಗಸ್ಟ್‌ನ ಮಾತು ಬಂತು. ನಮ್ಮ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಸುತ್ತ ಗುಡ್ಡಗಳು ಜಾರಿ ಬಂದ ವರ್ಷ. ಮಳೆ ವಿಪರೀತ ಸುರಿಯಿತು, ಅದು ನಿಜ. ಗುಡ್ಡ ಕಡಿದು ಮಟ್ಟ ಮಾಡಿದ್ದೂ ಒಂದು ಕಾರಣ ಅಂತ ನೋಡಲು ಬಂದ ಭೂವಿಜ್ಞಾನಿಗಳು ಹೇಳಿದರು. ನನ್ನ ಜಾಗ, ನಾನು ಜೆಸಿಬಿ ತರಿಸ್ತೀನಿ, ಹೋಂಸ್ಟೇ ಕಟ್ತೀನಿ ಅನ್ನಬಹುದು. ಕೆಳಗಿನ ಮನೆಯವನು ಇದಕ್ಕೆ ಒಪ್ಪಿದ್ದನಾ? ಅವನನ್ನು ಯಾರು ಕೇಳಿದರು? ಪೂಲ್ ಕಾಲದಲ್ಲಿ ಅಪ್ಪ ಕೇಳುತ್ತಿದ್ದ ಪ್ರಶ್ನೆಯೇ ಇದು. ಬುದ್ಧಿಯೇ ದಾರಿ ಅನ್ನುವವರು ಮಣ್ಣಿನ ಬಗ್ಗೆ ಬುದ್ಧಿ ಹೇಳುವುದನ್ನೂ ಕೇಳಬೇಕು.

2024ರಲ್ಲಿ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) 50 ಕೆಜಿ ಚೀಲಕ್ಕೆ 10,000 ರೂಪಾಯಿ ದಾಟಿತು. ಅಪ್ಪ ಇದನ್ನು ನೋಡಲಿಲ್ಲ. ತೋಟ ಈಗ ಅಕ್ಕನದೂ ನನ್ನದೂ, ನೋಡಿಕೊಳ್ಳುವವಳು ಅವಳು. ಈ ರೇಟಿನಲ್ಲಿ ಮಾಡದಿದ್ದರೆ ಇನ್ನು ಯಾವಾಗ ಅಂತ, ಹೊರಡುವ ಹಿಂದಿನ ದಿನ ಎರಡು ಮಾತು ಮುಂದಿಟ್ಟೆ. ಮುಂಗಡದ ಪುಸ್ತಕ ಹರಿದುಹಾಕೋಣ. ಲೈನ್ ಮನೆಗಳನ್ನು ಒಳಗಿರುವವರ ಹೆಸರಿಗೇ ಬರೆದುಕೊಡೋಣ.

ಅಳಿಯ ಸ್ವಲ್ಪ ಹೊತ್ತು ಯೋಚಿಸಿ, "ನಿಮ್ಮ ಆಸ್ತಿ, ನೀವಾಗೇ ಕೊಡೋದಾದ್ರೆ ನಂದೇನೂ ತಕರಾರಿಲ್ಲ ಮಾಮ. ಆಮೇಲೆ ಅವರು ಬೇರೆ ತೋಟಕ್ಕೆ ಹೋದ್ರೆ?" ಅಂದ.

"ಹೋಗಲಿ. ನಾವು ಒಳ್ಳೆ ಕೂಲಿ ಕೊಟ್ಟು ಉಳಿಸ್ಕೋಬೇಕು," ಅಂದೆ.

ಅಕ್ಕ ಮುಂಗಡದ ಮಾತಿಗೆ ಅಲ್ಲೇ ಒಪ್ಪಿದಳು. ಮನೆಯ ಮಾತಿಗೆ ಒಪ್ಪಲಿಲ್ಲ. "ನೀನು ನಾಳೆ ವಿಮಾನ ಹತ್ತುತ್ತೀಯ. ಮುಂದಿನ ಕುಯ್ಲಿಗೆ ಆಳಿಲ್ಲದೆ ಹಣ್ಣು ಉದುರಿದರೆ ಆರಿಸೋಳು ನಾನು. ಯೋಚನೆ ಮಾಡೋಕೆ ನಂಗೆ ಟೈಮ್ ಬೇಕು," ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಪ್ರತಿ ಭಾನುವಾರ ಫೋನ್ ಮಾಡಿದಾಗ ಆ ಮಾತು ತೆಗೆಯುತ್ತೇನೆ. ಹೋದ ವಾರ ಅವಳೇ ಕೇಳಿದಳು, ಒಂದೊಂದು ಮನೆಗೆ ಎಷ್ಟು ಸೆಂಟ್ ಜಾಗ ಬಿಡಬೇಕಾಗುತ್ತೆ ಅಂತ.